ಸೋಮವಾರಕ್ಕೆ ನಡೆಯುವ ಫ್ರೆಂಚ್ ಫ್ರೈಸ್

ಸ್ನೇಹಿತರೇ, ಇವತ್ತು ಸೋಮವಾರ, ನಮ್ಮತ್ತೆಗೆ ಉಪವಾಸ. ಮಧ್ಯಾಹ್ನ ಕೊಟ್ಟೂರು ಬಸ್ ಸ್ಟ್ಯಾಂಡ್ ಎದುರಿನ ಹೊಸ ಬೇಕರಿಯಲ್ಲಿ ಕೂತು ಫ್ರೆಂಚ್ ಫ್ರೈಸ್ ತರಿಸಿಕೊಂಡರು. "ಆಲೂಗಡ್ಡಿ ಉಪಾಸಕ್ಕ ನಡೀತೈತಿ" ಎಂದರಾದರೂ, ಮೊದಲನೆಯದನ್ನು ಕಣ್ಣಿಗೊತ್ತಿಕೊಂಡೇ ಬಾಯಿಗಿಟ್ಟರು.

ಅವರ ಶುಗರ್ ನೆನಪಾಗಿ ಸೊಸೆಯಾದ ನನಗೆ ಸುಮ್ಮನಿರಲಾಗಲಿಲ್ಲ. ಮೊಬೈಲಿನಲ್ಲಿ ಹುಡುಕಿ ಓದಿ ಹೇಳಿದೆ. "ಅತ್ತಿ, ಇದ್ರಾಗ ಬರೀ ಎಣ್ಣಿ, ಉಪ್ಪು. ಮೈಗೆ ಹತ್ತೋ ಸತ್ವ ಏನೂ ಇಲ್ರಿ."

ಅತ್ತೆ ಅಗಿಯುವುದನ್ನು ನಿಲ್ಲಿಸಿದರು. "ಏನೂ ಇಲ್ಲೇನು?"

"ಏನೂ ಇಲ್ರಿ."

"ಹಂಗಾದ್ರ ಉಪಾಸ ಕೆಡೋದು ಹೆಂಗವ್ವ?"

ಅಲ್ಲಿಯವರೆಗೆ ಅಳುಕುತ್ತಾ ತಿನ್ನುತ್ತಿದ್ದವರು ನೆಮ್ಮದಿಯಿಂದ ಇನ್ನೊಂದು ಪ್ಲೇಟ್ ಹೇಳಿದರು. ಮುಂದಿನ ಸೋಮವಾರ ನಾನೇ ಮನೆಯಲ್ಲಿ ಕರಿದು ಕೊಡಬೇಕಂತೆ, ಸತ್ವ ಸೇರದ ಹಾಗೆ.