ನಾಯಿಗೆ ಕಲಿಸಿದ ಗ್ರೇಡರ್ ವಿದ್ಯೆ

ನಮ್ಮಮ್ಮ ಮರ್ಟಲ್ ಕಿಂಬರ್ಲಿ ಸೀಮೆಯ ಮಣ್ಣುರಸ್ತೆಗಳನ್ನು ಗ್ರೇಡರ್ ಯಂತ್ರದಿಂದ ಕೆರೆದು ಸಮ ಮಾಡುತ್ತಲೇ ಮುದುಕಿಯಾದವಳು. ರಸ್ತೆ ಕಂಪನಿಯ ಗೋಡೆ ತುಂಬ ಮೂಲನಿವಾಸಿಗಳಾದ ನಮ್ಮವರ ನಗುಮುಖದ ಫೋಟೊಗಳು. ತರಬೇತುದಾರನ ಕುರ್ಚಿಗೆ ಮಾತ್ರ ಪ್ರತಿ ಸಲವೂ ದೂರದ ನಗರ ಪರ್ತ್‌ನಿಂದ ಯಾವನೋ ವಿಮಾನದಲ್ಲಿ ಬಂದಿಳಿಯುತ್ತಿದ್ದ. ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಕೊನೆಗೂ ಕಂಪನಿ ಮನಸ್ಸು ಮಾಡಿತು: ಅಮ್ಮ ನಮ್ಮವನೊಬ್ಬನಿಗೆ ಕಲಿಸಲಿ, ಅವನು ಪಾಸಾದರೆ ಆ ಕುರ್ಚಿ ಅವಳಿಗೇ ಕಾಯಂ.

ಆ ಒಬ್ಬನಾಗಿ ಅವರು ಆರಿಸಿದ್ದು ನನ್ನ ಗಂಡ ಕ್ಲಿಫ್ಟನ್‌ನನ್ನು. ಒಂದೇ ಮನೆಯವರು, ಅನುಕೂಲವಾಗುತ್ತದೆ ಎಂದರಂತೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ನಮ್ಮಲ್ಲಿ ಅತ್ತೆ ಅಳಿಯ ಮಾತಾಡುವಂತಿಲ್ಲ, ಮುಖ ನೋಡುವಂತಿಲ್ಲ, ಹೆಸರೆತ್ತುವಂತಿಲ್ಲ. ಅದು ಜಗಳವಲ್ಲ, ಮರ್ಯಾದೆ. ಅವನು ಅಂಗಡಿಯ ಮುಂಬಾಗಿಲಿಂದ ಬಂದರೆ ಅಮ್ಮ ಹಿಂಬಾಗಿಲಿಂದ ಹೊರಡುತ್ತಾಳೆ.

ಬೇರೆಯವನನ್ನು ಕೊಡಿ ಅಂತ ಕಂಪನಿಯನ್ನು ಕೇಳು ಎಂದೆ ಅಮ್ಮನಿಗೆ. ಒಮ್ಮೆ ಬೇಡವೆಂದರೆ ನಮ್ಮ ಕೈಲಾಗದು ಅಂದುಬಿಡುತ್ತಾರೆ, ಮತ್ತೆ ಪರ್ತ್ ವಿಮಾನವೇ ಗತಿ ಎಂದಳು. ಹಾಗಾಗಿ ಪಾಠವೆಲ್ಲ ನಮ್ಮ ನಾಯಿ ಬಿಸ್ಕತ್ತಿಗೆ ನಡೆಯಿತು. ಕ್ಲಿಫ್ಟನ್ ಯಂತ್ರ ನಿಲ್ಲಿಸಿ ಅತ್ತ ತಿರುಗಿ ಕೂರುವನು. ಅಮ್ಮ ರಸ್ತೆ ನೋಡಿ ಬಂದು, ಮರದ ನೆರಳಲ್ಲಿ ಅವನಿಗೆ ಬೆನ್ನು ಹಾಕಿ, ನಾಯಿಯನ್ನು ತರಾಟೆಗೆ ತೆಗೆದುಕೊಳ್ಳುವಳು.

"ಲೇ ಬಿಸ್ಕತ್ತು, ರಸ್ತೆ ಕೆರ್ದಿದೀಯೋ, ಬೆನ್ನು ಕೆರ್ಕೊಂಡಿದೀಯೋ? ಬ್ಲೇಡು ಓರೆ ಇಟ್ಕೋ ಅಂತ ಎಷ್ಟು ಸಲ ಬಡ್ಕೊಳ್ಲಿ?"

ಮಾಡದ ತಪ್ಪಿಗೆ ಬೈಸಿಕೊಂಡು ಬೈಸಿಕೊಂಡು, ಪಾಪ, ಗ್ರೇಡರ್ ಸದ್ದು ಕೇಳಿದರೆ ಸಾಕು ಅದು ಬಾಲ ಮುದುರುತ್ತಿತ್ತು.

ಪರೀಕ್ಷೆಯ ದಿನ ಪರ್ತ್‌ನಿಂದ ಬಂದ ಪರೀಕ್ಷಕ ಮೊದಲು ಕೇಳಿದ್ದೇ, ನಿನಗೆ ಕಲಿಸಿದವರು ಯಾರು ಅಂತ. ಕ್ಲಿಫ್ಟನ್ ನಾಯಿಯತ್ತ ನೋಡಿದ. ಹೆಸರು ಹೇಳುವಂತಿಲ್ಲ; ಹೇಳದಿದ್ದರೆ ಅತ್ತೆಯ ಕುರ್ಚಿ ಹೋಗುತ್ತದೆ.

"ಆ ನಾಯಿಗೆ ಹೇಳ್ಕೊಡ್ತಿದ್ರು ಸಾರ್," ಅಂದ. "ನಾನು ಕೇಳಿಸ್ಕೊಂಡೆ."

ಗೇಲಿ ಮಾಡುತ್ತಿದ್ದಾನೆಂದು ಪರೀಕ್ಷಕ ಪೆನ್ನಿಗೆ ಮುಚ್ಚಳ ಹಾಕಿಬಿಟ್ಟ.  ಅಷ್ಟರಲ್ಲಿ ಮರದ ಕಡೆಯಿಂದ ಅಮ್ಮನ ದನಿ ಬಂತು: "ಬಿಸ್ಕತ್ತು, ಸುಮ್ನೆ ಯಾಕೆ ನಿಂತೆ? ಎಡಗಡೆಗೆ ಇಳಿಜಾರು ಕೊಡು, ನೀರು ಹರಿದು ಹೋಗ್ಲಿ."

ನಾಯಿ ಕಿವಿ ಕೆರೆದುಕೊಂಡಿತು. ಕ್ಲಿಫ್ಟನ್ ಗ್ರೇಡರ್ ಹತ್ತಿ ಎಡಗಡೆಗೆ ಇಳಿಜಾರು ಕೊಟ್ಟ. ಪರೀಕ್ಷಕ ನಾಯಿಯನ್ನೂ ಅಮ್ಮನ ಬೆನ್ನನ್ನೂ ರಸ್ತೆಯನ್ನೂ ಮತ್ತೆ ಮತ್ತೆ ನೋಡಿದ. ನಾನು ಹತ್ತಿರ ಹೋಗಿ ನಮ್ಮ ಪದ್ಧತಿ ಬಿಡಿಸಿ ಹೇಳಿದೆ. ಅವನು ನಕ್ಕು ಪೆನ್ನಿನ ಮುಚ್ಚಳ ತೆಗೆದ.

ಇಬ್ಬರೂ ಪಾಸು. ಗೋಡೆಗೆ ಇಬ್ಬರ ಫೋಟೊ ಬೇಕೆಂದ ಮ್ಯಾನೇಜರ್. ಅಳಿಯ ಅತ್ತ ತಿರುಗಿ ನಿಂತ, ಅಮ್ಮ ಬೆನ್ನು ತೋರಿಸಿ ನಿಂತಳು, ಕ್ಯಾಮೆರಾ ನೋಡಿದ್ದು ಬಿಸ್ಕತ್ತು ಒಂದೇ. ಮುಖವೇ ಕಾಣುವುದಿಲ್ಲವಲ್ಲ ಎಂದು ಮ್ಯಾನೇಜರ್ ಗೊಣಗಿದ.

"ಗೋಡೆ ಮೇಲೆ ನಮ್ಮ ಮುಖ ಬೇಕಾದಷ್ಟಿದಾವಪ್ಪ," ಅಂದಳು ಅಮ್ಮ. "ಆ ಕುರ್ಚಿ ಈಚೆ ತಗೊಂಬಾ. ಕೂತ್ಕೋಬೇಕು."