ಶನಿವಾರದ ರೋಗಿ

ಬಟ್ಟೆ ಕಾರ್ಖಾನೆಯ ಗುಂಡಿ ಹೊಲಿಯುವ ವಿಭಾಗದಲ್ಲಿ ಚಿಕ್ಕಮ್ಮನಷ್ಟು ಸಲ ಕಾಯಿಲೆ ಬಿದ್ದವರು ಇನ್ನೊಬ್ಬರಿರಲಿಲ್ಲ. ಚಿಕ್ಕಮ್ಮನಷ್ಟು ಗಟ್ಟಿಮುಟ್ಟಾದವರೂ ಇನ್ನೊಬ್ಬರಿರಲಿಲ್ಲ. ಬಿಸಿಲು ಹಿತವಾಗಿದ್ದರೆ ಅವಳಿಗೆ ತಲೆನೋವು ಬರುತ್ತಿತ್ತು, ಅಂಗಡಿಗೆ ಹೊಸ ಸೀರೆ ಬಂದಿದ್ದರೆ ಸೊಂಟ ಹಿಡಿದುಕೊಳ್ಳುತ್ತಿತ್ತು. ಒಮ್ಮೆ ಮಾವ ತೀರಿಕೊಂಡರೆಂದು ರಜೆ ಕೇಳಿದಾಗ ಸೂಪರ್‌ವೈಸರ್ ಕನ್ನಡಕದ ಮೇಲಿಂದ ನೋಡಿದ.

“ನಿಮ್ಮ ಮಾವ ಹೋದ ವರ್ಷಾನೇ ಸತ್ತಿದ್ರಲ್ಲಮ್ಮಾ?”

“ಅವ್ರು ದೊಡ್ಡ ಮಾವ ಸಾರ್, ಇವ್ರು ಚಿಕ್ಕ ಮಾವ. ಇಬ್ರೂ ನೋಡೋಕೆ ಒಂದೇ ಥರ. ಬದುಕಿದ್ದಾಗ್ಲೂ ಜನಕ್ಕೆ ಗೊಂದಲ, ಸತ್ತಾಗ್ಲೂ ಗೊಂದಲ.”

ರಜೆ ಸಿಕ್ಕಿತು.

ದೊಡ್ಡಾಸ್ಪತ್ರೆಯ ಹಿಂದಿನ ಬೀದಿಯಲ್ಲಿ ಅವಳ ಒಂದು ಕೋಣೆಯ ಮನೆ. ಅಕ್ಕನ ಮಗಳು ಅಲ್ಲಿಗೆ ಬಂದು ಸೇರಿದ್ದು ಡಾಕ್ಟರ್ ಓದುವ ಆಸೆಯಿಂದ. ಆಸ್ಪತ್ರೆಯವರೇ ಹಿಂದುಗಡೆಯ ಎರಡು ಕೋಣೆಗಳಲ್ಲಿ ಬಡವರ ಮಕ್ಕಳಿಗೆಂದು ಒಂದು ವರ್ಷದ ತಯಾರಿ ತರಗತಿ ನಡೆಸುತ್ತಿದ್ದರು. ವೈದ್ಯಕೀಯ ಕಾಲೇಜಿನ ಪ್ರವೇಶ ಪರೀಕ್ಷೆಗೆ ಬೇಕಾದ ಪಾಠವೆಲ್ಲ ಅಲ್ಲಿ ಪುಕ್ಕಟೆ. ಆದರೆ ಆ ಪರೀಕ್ಷೆಯಲ್ಲಿ ಬರೆದರಷ್ಟೇ ಸಾಲದು. ಕೊನೆಯಲ್ಲಿ ಗುರುತಿಲ್ಲದ ರೋಗಿಯೊಬ್ಬರ ಎದುರು ಕೂರಿಸಿ, ಮಾತಾಡುವ ರೀತಿಯನ್ನೂ ನೋಡುತ್ತಿದ್ದರು. ಪುಸ್ತಕವನ್ನು ಅರೆದು ಕುಡಿದ ಮಕ್ಕಳು ಈ ಹಂತಕ್ಕೆ ಬಂದರೆ ಕಕ್ಕಾಬಿಕ್ಕಿ. ಆಸ್ಪತ್ರೆಯಲ್ಲಿ ಅವರಿಗೆ ಗೊತ್ತಿದ್ದದ್ದು ಒಂದೇ, ಕೈಕಟ್ಟಿಕೊಂಡು ಸಾಲಿನಲ್ಲಿ ನಿಲ್ಲುವುದು.

ತರಗತಿ ನೋಡಿಕೊಳ್ಳುತ್ತಿದ್ದ ಡಾಕ್ಟರಮ್ಮ ಆಸ್ಪತ್ರೆಯ ನೌಕರರನ್ನೇ ರೋಗಿಗಳಾಗಿ ಕೂರಿಸಿ ನೋಡಿದರು. ಅವರೋ ಬೇಗ ಮನೆಗೆ ಹೋಗುವ ಆತುರದಲ್ಲಿ ಮೊದಲ ಪ್ರಶ್ನೆಗೇ ಕಾಯಿಲೆಯ ಹೆಸರನ್ನೂ ಅದರ ಮಾತ್ರೆಯ ಹೆಸರನ್ನೂ ಒಪ್ಪಿಸಿ ಎದ್ದುಬಿಡುತ್ತಿದ್ದರು.

“ಮೇಡಂ, ನಮ್ಮ ಚಿಕ್ಕಮ್ಮ ಇದಾಳೆ,” ಎಂದಳು ಹುಡುಗಿ. “ಸುಳ್ಳು ಹೇಳೋದ್ರಲ್ಲಿ ಎತ್ತಿದ ಕೈ.”

ಹೀಗೆ ಚಿಕ್ಕಮ್ಮ ಶನಿವಾರದ ರೋಗಿಯಾದಳು. ಮೊದಲ ವಾರ ಹೊಟ್ಟೆನೋವು ಎಂದು ಗೊತ್ತುಮಾಡಿದ್ದರು. ಎದುರು ಬಂದು ಕೂತವನು ಲಾರಿ ಕ್ಲೀನರನ ಮಗ. ಆಳೆತ್ತರದ ಹುಡುಗ, ದನಿ ಮಾತ್ರ ಇರುವೆಯದು. ಎಲ್ಲರೂ ಅವನನ್ನು ಪಿಸುಮಾತು ಎಂದೇ ಕರೆಯುತ್ತಿದ್ದರು.

“ಏನಾಗಿದೆ ಅಮ್ಮಾ?”

“ಏನಾಗಿದೆ ಅಂತ ಗೊತ್ತಿದ್ರೆ ನಿನ್ ಹತ್ರ ಯಾಕಪ್ಪಾ ಬರ್ತಿದ್ದೆ?”

ಅವನು ತನ್ನ ಚಪ್ಪಲಿ ನೋಡಿಕೊಂಡ. “ಎಲ್ಲಿ ನೋವು?”

“ಮನೇಲಿ.”

“ಅಲ್ಲ… ಮೈಯಲ್ಲಿ ಎಲ್ಲಿ?”

“ಪಾತ್ರೆ ತೊಳೆಯುವಾಗ ಹೊಟ್ಟೇಲಿ. ನಮ್ಮತ್ತೆ ಬಂದ್ರೆ ತಲೇಲಿ. ಯಾವ್ದು ಬೇಕೋ ತಗೋ.”

ತರಗತಿ ಗೊಳ್ಳೆಂದಿತು. ಪಿಸುಮಾತು ಕಿವಿಯವರೆಗೂ ಕೆಂಪಾದ.

ಆಮೇಲೆ ಚಿಕ್ಕಮ್ಮನಿಗೆ ತಡೆಯೇ ಇರಲಿಲ್ಲ. ಒಂದು ವಾರ ಕಿವುಡಿಯಾದಳು, ಇನ್ನೊಂದು ವಾರ ಬಾಯಿ ತೆರೆಯುವ ಮೊದಲೇ ಗೊಳೋ ಎಂದು ಅತ್ತಳು. ಮತ್ತೊಮ್ಮೆ ಪಕ್ಕದ ಖಾಲಿ ಕುರ್ಚಿಯಲ್ಲಿ ಗಂಡನಿದ್ದಾನೆಂದು ನಟಿಸಿ, “ಅವ್ರ ಮುಂದೆ ಹೇಳಲ್ಲ, ಹೊರಗೆ ಕಳ್ಸಿ,” ಎಂದು ಹಟ ಹಿಡಿದಳು. ಹುಡುಗರು ಮೊದಮೊದಲು ಬೆವತರು, ಆಮೇಲೆ ಬೈದುಕೊಂಡರು, ಕೊನೆಗೆ ಆ ಖಾಲಿ ಕುರ್ಚಿಯನ್ನು ಮರ್ಯಾದೆಯಿಂದ ಎತ್ತಿ ಹೊರಗಿಡುವಷ್ಟು ಪಳಗಿದರು. ಒಂದು ಶನಿವಾರ ಪಿಸುಮಾತು ಮೇಜು ಗುದ್ದಿ, “ಅಮ್ಮಾ, ನಿಮ್ಮತ್ತೆ ಸಮಾಚಾರ ಆಮೇಲೆ ಕೇಳ್ತೀನಿ. ಮೊದ್ಲು ಹೊಟ್ಟೆ ಎಲ್ಲಿ ನೋಯುತ್ತೆ ತೋರ್ಸಿ!” ಎಂದು ಗುಡುಗಿದಾಗ ಚಿಕ್ಕಮ್ಮ ರೋಗವನ್ನೇ ಮರೆತು ಚಪ್ಪಾಳೆ ತಟ್ಟಿದಳು.

ಆದರೆ ಆ ದಿನಗಳಲ್ಲೇ ಅವಳು ಯಾರಿಗೂ ಹೇಳದ ಒಂದು ಸಂಗತಿಯಿತ್ತು. ಎಷ್ಟು ನೀರು ಕುಡಿದರೂ ಬಾಯಿ ಒಣಗುತ್ತಿತ್ತು. ಕುಡಿದ ನೀರು ಕೂರಲು ಬಿಡುತ್ತಿರಲಿಲ್ಲ. ಸೂಜಿಯ ಕಣ್ಣು ಒಮ್ಮೆ ಎರಡಾಗಿ, ಒಮ್ಮೆ ಮಾಯವಾಗಿ ಆಟವಾಡಿಸುತ್ತಿತ್ತು. ಅವಳು ಸೂಜಿಯನ್ನು ಬೈದಳು, ದಾರವನ್ನು ಬೈದಳು, ಕಾರ್ಖಾನೆಯ ಬಲ್ಬನ್ನೂ ಬೈದಳು. ಪಕ್ಕದ ಸಾಲಿನ ಹೆಂಗಸಿಗೆ ಕಣ್ಣು ಮಂಜಾದಾಗ ಸೂಪರ್‌ವೈಸರ್ ನಯವಾಗಿಯೇ ಮನೆಗೆ ಕಳಿಸಿದ್ದನ್ನು ಅವಳು ನೋಡಿದ್ದಳು. ಸುಳ್ಳು ಕಾಯಿಲೆಯಿಂದ ಅರ್ಧ ದಿನದ ರಜೆ ಸಿಗುತ್ತಿತ್ತು, ನಿಜದ ಕಾಯಿಲೆಯಾದರೆ ಕೂರುವ ಜಾಗವೇ ಹೋಗುತ್ತಿತ್ತು. ಹಾಗಾಗಿ ಕಾಯಿಲೆಯಿಲ್ಲದೆ ನರಳಿದವಳು ಈಗ ಕಾಯಿಲೆ ಇಟ್ಟುಕೊಂಡು ನಗುತ್ತಾ ಓಡಾಡಿದಳು.

“ಇಷ್ಟೊಂದು ನೀರು ಯಾಕೆ ಕುಡೀತೀಯಾ ಚಿಕ್ಕಮ್ಮಾ?”

“ನೀರು ಕುಡಿಯೋಕೂ ನಿನ್ನ ಅಪ್ಪಣೆ ಬೇಕೇನೇ? ಹೋಗು, ಓದ್ಕೋ.”

ಹುಡುಗಿ ಹೋಗಿ ಓದಿಕೊಂಡಳು. ಮುಂದಿನ ಶನಿವಾರ ಬೆಳಿಗ್ಗೆ ಜಡೆ ಹಾಕಿಕೊಳ್ಳುತ್ತಾ ಹೇಳಿದಳು: “ಪರೀಕ್ಷೆ ಹತ್ರ ಬಂತು. ಇವತ್ತು ಡಾಕ್ಟರಮ್ಮನ ನಿಜವಾದ ಕೋಣೇಲೇ ಅಭ್ಯಾಸ. ನಿನಗೆ ಬಾಯಾರಿಕೆ, ಪದೇ ಪದೇ ಬಚ್ಚಲಿಗೆ ಹೋಗ್ಬೇಕು, ಕಣ್ಣು ಮಂಜು.”

ಚಿಕ್ಕಮ್ಮ ಕೈಲಿದ್ದ ನೀರಿನ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು. ಆಮೇಲೆ ಮುಖ ಬಿಗಿದುಕೊಂಡಳು. “ಇದೆಂಥ ಸಪ್ಪೆ ಕಾಯಿಲೆನೇ! ಸ್ವಲ್ಪ ಎದೆನೋವು ಸೇರಿಸ್ಲಾ?”

“ಬೇಡ. ಇಷ್ಟೇ ಸಾಕು.”

ಆ ದಿನದಷ್ಟು ಸಲೀಸಾಗಿ ಚಿಕ್ಕಮ್ಮ ಯಾವತ್ತೂ ನಟಿಸಿರಲಿಲ್ಲ. ಯೋಚಿಸುವ ಗೊಡವೆಯೇ ಇಲ್ಲದೆ ಮಾತು ತಾನಾಗಿಯೇ ಬಂತು. ಸೂಜಿಯ ಕಣ್ಣಿನ ಕಥೆಯೂ ಬಂತು, ಬಲ್ಬಿನ ಕಥೆಯೂ ಬಂತು. ಹುಡುಗಿ, ಪಿಸುಮಾತು ಇಬ್ಬರೂ ಒಬ್ಬರಾದ ಮೇಲೊಬ್ಬರು ಕೇಳಿದರು, ಡಾಕ್ಟರಮ್ಮ ಸುಮ್ಮನೆ ಆಲಿಸಿದರು. ಆಮೇಲೆ ಅವಳ ಬೆರಳು ಹಿಡಿದು ಚುಚ್ಚಿದರು.

“ಅಯ್ಯಯ್ಯೋ! ನಾಟಕಕ್ಕೆ ರಕ್ತಾನೂ ಕೊಡ್ಬೇಕಾ ತಾಯಿ?”

ಅಂಗೈಯಗಲದ ಯಂತ್ರ ಕೀಂ ಎಂದಿತು. ಡಾಕ್ಟರಮ್ಮ ಅದನ್ನು ಅವಳ ಕಡೆಗೆ ತಿರುಗಿಸಿದರು. “ಇದಕ್ಕೆ ನಾಟಕ ಆಡೋಕೆ ಬರಲ್ಲ. ನಿಮಗೆ ಸಕ್ಕರೆ ಕಾಯಿಲೆ ಇದೆ. ಸುಮಾರು ದಿನದಿಂದ ಇದೆ.”

ಚಿಕ್ಕಮ್ಮ ಅಕ್ಕನ ಮಗಳ ಕಡೆ ನೋಡಿದಳು. ಅಕ್ಕನ ಮಗಳು ಫ್ಯಾನು ನೋಡುತ್ತಿದ್ದಳು.

“ನನಗೇ ಚಳ್ಳೆಹಣ್ಣು ತಿನ್ನಿಸ್ತೀಯಾ, ಕಳ್ಳಿ?”

“ಬಾ ಅಂದಿದ್ರೆ ಬರ್ತಿದ್ಯಾ?”

ಬರುತ್ತಿರಲಿಲ್ಲ. ಚಿಕ್ಕಮ್ಮನಿಗೆ ಸಿಟ್ಟು, ನಗು, ಅಳು ಮೂರೂ ಒಟ್ಟಿಗೇ ಬಂದು, ಯಾವುದನ್ನು ಮುಂದೆ ಬಿಡಬೇಕೆಂದು ತಿಳಿಯದೆ ಸೆರಗಿನಿಂದ ಮೂಗು ಒರೆಸಿಕೊಂಡಳು. “ಕಾರ್ಖಾನೆಗೆ ಗೊತ್ತಾದ್ರೆ ನನ್ನ ತೆಗೀತಾರೆ,” ಎಂದಳು. ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

ಪಿಸುಮಾತು ಕುರ್ಚಿ ಬಿಟ್ಟು ಅವಳೆದುರು ಕುಕ್ಕರುಗಾಲಲ್ಲಿ ಕೂತ. “ಇಲ್ಲಿ ಹೇಳಿದ್ದು ಇಲ್ಲೇ ಇರುತ್ತಮ್ಮಾ. ಅಲ್ವಾ ಮೇಡಂ? ಸಕ್ಕರೆ ಇಳಿದ್ರೆ ಕಣ್ಣೂ ತಿಳಿಯಾಗ್ಬಹುದು. ನಿಮಗೆ ಏನು ಭಯ ಅಂತ ಹೇಳಿ, ಒಂದೊಂದೇ ಕೇಳ್ತೀನಿ.” ಅವಳು ಹೇಳಿದಳು. ಅವನು ನಡುವೆ ಬಾಯಿ ಹಾಕದೆ ಕೇಳಿದ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಅವನನ್ನೇ ನೋಡುತ್ತಾ ಕೂತರು.

ಮಾತ್ರೆ ಶುರುವಾಯಿತು. ಬೆಲ್ಲದ ಡಬ್ಬಿಯನ್ನು ಹುಡುಗಿ ಅಟ್ಟದ ಮೇಲಿಟ್ಟಳು. ಚಿಕ್ಕಮ್ಮ ಏಣಿ ಹಾಕಿ ಎರಡು ಸಲ ಸಿಕ್ಕಿಬಿದ್ದಳು. ನಿಧಾನಕ್ಕೆ ಬಾಯಾರಿಕೆ ತಗ್ಗಿತು, ಸೂಜಿಯ ಕಣ್ಣು ತನ್ನ ಜಾಗಕ್ಕೆ ಬಂತು, ಕೆಲಸವೂ ಉಳಿಯಿತು. ಆ ವರ್ಷ ಪಿಸುಮಾತಿಗೆ ಸೀಟು ಸಿಕ್ಕಿತು. ಹುಡುಗಿಗೆ ರೋಗಿಯ ಜೊತೆಗಿನ ಮಾತಿನಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಬಂದರೂ ಭೌತಶಾಸ್ತ್ರ ಕೈಕೊಟ್ಟಿತು. ಅವಳು ಎರಡು ದಿನ ಮಂಕಾಗಿದ್ದು ಮತ್ತೆ ಪುಸ್ತಕ ತೆರೆದಳು. ಇನ್ನೊಂದು ವರ್ಷ ಜೊತೆಗಿರುತ್ತಾಳಲ್ಲ ಎಂದು ಚಿಕ್ಕಮ್ಮನಿಗೆ ಒಳಗೊಳಗೇ ಖುಷಿ. ಅದನ್ನು ಮುಚ್ಚಿಡಲು ಪಟ್ಟಷ್ಟು ಪಾಡನ್ನು ಅವಳು ಯಾವ ಸುಳ್ಳು ಹೊಟ್ಟೆನೋವಿಗೂ ಪಟ್ಟಿರಲಿಲ್ಲ.

ಮರುವರ್ಷ ಹುಡುಗಿಗೂ ಸೀಟಾಯಿತು, ದೂರದ ಊರಿನ ಕಾಲೇಜಿನಲ್ಲಿ. ಕಳಿಸಿಕೊಡಲು ಚಿಕ್ಕಮ್ಮ ಬಸ್ ನಿಲ್ದಾಣಕ್ಕೆ ಬಂದಳು. ಬೆಂಚಿನ ಮೇಲೆ ಕೂತಿದ್ದ ಗುರುತಿಲ್ಲದ ಮುದುಕಿಗೆ, ಅವರು ಕೇಳದಿದ್ದರೂ, “ನಮ್ಮ ಹುಡುಗಿ, ಡಾಕ್ಟರ್ ಓದೋಕೆ ಹೊರಟಿದಾಳೆ,” ಎಂದು ತಿಳಿಸಿದಳು.

“ಹೌದಾ? ಹಾಗಾದ್ರೆ ನನ್ನ ಮೊಣಕಾಲು ಸ್ವಲ್ಪ ನೋಡಮ್ಮಾ,” ಎಂದರು ಮುದುಕಿ.

ಹುಡುಗಿ ಚಿಕ್ಕಮ್ಮನತ್ತ ಕಣ್ಣು ಕೆಕ್ಕರಿಸಿ ನೋಡಿದಳು. ಆಮೇಲೆ ಪೆಟ್ಟಿಗೆಯನ್ನು ಅವಳ ಕೈಗೆ ಕೊಟ್ಟು ಬೆಂಚಿನಲ್ಲಿ ಮುದುಕಿಯ ಪಕ್ಕ ಕೂತಳು.

“ನಾನಿನ್ನೂ ಏನೂ ಕಲಿತಿಲ್ಲ ಅಜ್ಜಿ, ಔಷಧಿ ಹೇಳೋಕಾಗಲ್ಲ. ಆದ್ರೆ ಹೇಳಿ, ಯಾವಾಗಿಂದ ನೋವು?”

ಮುದುಕಿ ತಮ್ಮ ಮದುವೆಯಿಂದ ಶುರುಮಾಡಿದರು.