ಜಗಳ ಬಿಡಿಸದೆ ಇರಲಾರದ ಕಥೆಗಾರ

ಅವರು ಬಾಗಿಲಿಗೆ ಬಂದರೆ ಮೊದಲು ನನಗೆ ಸೀನು ಬರುತ್ತಿತ್ತು, ಆಮೇಲೆ ಅವರು ಕಾಣುತ್ತಿದ್ದರು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಆಯುಷ್ಯ ಕಳೆದವರು. ಬಿಳಿ ಧೋತರ, ಬಿಳಿ ಅಂಗಿ, ಹೆಗಲ ಮೇಲೊಂದು ಟವೆಲ್ಲು. ಆ ಟವೆಲ್ಲನ್ನು ಎಷ್ಟು ಒಗೆದರೂ ಕೆಂಪು ಹೋಗುತ್ತಿರಲಿಲ್ಲ, ಘಾಟೂ ಹೋಗುತ್ತಿರಲಿಲ್ಲ. ಅವರು ಮಾತ್ರ ಸೀನಿದ್ದನ್ನು ನಾನು ನೋಡಿಲ್ಲ. ಮೂಗು ಹಿಡಿದುಕೊಂಡ ನನ್ನನ್ನು ನೋಡಿ, "ಯಾಕ ತಂಗೀ, ನೆಗಡಿ ಏನ? ಕಷಾಯ ಕುಡಿ" ಎಂದು ಅಕ್ಕರೆಯಿಂದ ಹೇಳುತ್ತಿದ್ದರು.

ಎರಡು ಸಾವಿರದ ಇಸವಿಯ ಆಚೀಚೆ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇತ್ತು. ಲಗ್ನಪತ್ರಿಕೆ, ಕಾಲೇಜು ಹುಡುಗರ ಪ್ರಾಜೆಕ್ಟು, ಅರ್ಜಿ, ಇಂಥವೇ ಕೆಲಸ. ಕರೆಂಟಿದ್ದರೆ ಟೈಪಿಂಗು, ಇಲ್ಲದಿದ್ದರೆ ಹರಟೆ. ದಲಾಲಿ ಅಂಗಡಿಯನ್ನು ಮಗನಿಗೆ ಒಪ್ಪಿಸಿ ಮನೆಯಲ್ಲಿ ಕೂತಿದ್ದ ಕಾಕಾ, ಇಡೀ ಓಣಿಗೆ ಅವರು ಕಾಕಾನೇ, ಒಂದು ಮುಂಜಾನೆ ಒಂದು ಕಟ್ಟು ಹಾಳೆ ತಂದು ನನ್ನ ಮೇಜಿನ ಮೇಲಿಟ್ಟರು.

"ಕಥಿ ಬರದೇನಿ. ಛಂದಾಗಿ ಟೈಪ್ ಮಾಡಿ ಕೊಡು. ಯಾರಿಗೂ ಹೇಳಬ್ಯಾಡ, ಪ್ಯಾಟ್ಯಾಗ ನಗ್ತಾರ."

ಪೇಟೆಯ ಗದ್ದಲದಲ್ಲಿ ಕೂಗಿ ಕೂಗಿ ಪಳಗಿದ ದನಿ. ಪಕ್ಕದ ಸೈಕಲ್ ಅಂಗಡಿಯವನಿಗೂ ಆ ಗುಟ್ಟು ಆಗಲೇ ತಲುಪಿತು.

ಕಥೆಗಳು ಚೆನ್ನಾಗಿಯೇ ಶುರುವಾಗುತ್ತಿದ್ದವು. ಜನ ಕಣ್ಣಿಗೆ ಕಟ್ಟುತ್ತಿದ್ದರು, ಮಾತು ಕಿವಿಗೆ ಕೇಳಿಸುತ್ತಿತ್ತು. ಆದರೆ ಇಬ್ಬರು ಜಗಳಕ್ಕೆ ನಿಂತರೋ ಇಲ್ಲವೋ, ಧೋತರ ಉಟ್ಟ ಒಬ್ಬ ಹಿರಿಯರು ಎಲ್ಲಿಂದಲೋ ಬಂದುಬಿಡುತ್ತಿದ್ದರು. ಚಹಾ ತರಿಸುತ್ತಿದ್ದರು, ಆ ಕಡೆ ಈ ಕಡೆ ಮಾತು ಹೊಂದಿಸುತ್ತಿದ್ದರು, ಎಲ್ಲರೂ ನಗುತ್ತ ಮನೆಗೆ ಹೋಗುತ್ತಿದ್ದರು. ಓಡಿಹೋಗಲು ಸ್ಟೇಷನ್ನಿಗೆ ಬಂದ ಹುಡುಗ ಹುಡುಗಿಗೆ ರೈಲಿಗಿಂತ ಮೊದಲು ಈ ಹಿರಿಯರೇ ಎದುರಾದರು. ಒಂದು ದೆವ್ವದ ಕಥೆಯಿತ್ತು. ಅದರಲ್ಲೂ ಅಮಾವಾಸ್ಯೆಗೊಮ್ಮೆ ಮಾತ್ರ ಅಟ್ಟಕ್ಕೆ ಬರಬೇಕೆಂದು ದೆವ್ವಕ್ಕೂ ಮನೆಯವರಿಗೂ ಒಪ್ಪಂದ ಮಾಡಿಸಿಬಿಟ್ಟಿದ್ದರು! ಕಾಕಾ ರೈತರನ್ನೂ ಖರೀದಿದಾರರನ್ನೂ ಒಂದು ಮಾತಿಗೆ ತರುವುದರಲ್ಲೇ ಜೀವಮಾನ ಸವೆಸಿದವರು. ಇಬ್ಬರು ಮುಖ ತಿರುಗಿಸಿ ನಿಂತರೆ ಅವರ ಕೈ ಸುಮ್ಮನಿರುತ್ತಿರಲಿಲ್ಲ.

ಇದರಿಂದ ಅವರಿಗಾದ ನೋವು ಒಂದೇ. ಅವರ ಹೆಂಡತಿ, ನಮ್ಮ ಕಾಕಿ, ಒಂದು ಕಥೆಯನ್ನೂ ಪೂರ್ತಿ ಕೇಳುತ್ತಿರಲಿಲ್ಲ. "ಆ ಹಿರ್‍ಯಾರು ಬಂದ ಕೂಡ್ಲೆ ಎದ್ದ ಬಿಡ್ತಾಳ. 'ಬಂದ್ರಲ್ಲಾ ನೀವು, ಇನ್ನ ನಾ ಬ್ಯಾಳಿ ಕುದಿಯಾಕ ಇಡ್ತೇನಿ' ಅಂತಾಳ. ಒಂದ ಸಲ ಆಕಿ ಕಡೀತನಕ ಕುಂದ್ರಬೇಕು ತಂಗೀ. ಅಷ್ಟ ಸಾಕು ನನಗ." ಇದನ್ನು ಹೇಳುವಾಗ ಆ ದೊಡ್ಡ ದನಿ ಎಲ್ಲಿ ಹೋಗಿತ್ತೋ!

"ಕಾಕಾ, ಈ ಸಲ ಆ ಹಿರಿಯರನ್ನ ಊರಿಗೆ ಕಳಿಸಿಬಿಡ್ರಿ" ಎಂದೆ.

ಚೇಷ್ಟೆಗೆ ಹೇಳಿದ್ದನ್ನು ಅವರು ಅಕ್ಷರಶಃ ಪಾಲಿಸಿದರು. ಮುಂದಿನ ಕಥೆಯ ಮೊದಲ ಸಾಲೇ, "ಆ ದಿವಸ ಹಿರಿಯರು ಕದರಮಂಡಲಗಿ ಹನುಮಪ್ಪನ ದರ್ಶನಕ್ಕೆ ಹೋಗಿದ್ದರು." ನಕ್ಕು ನಕ್ಕು ನನಗೆ ಟೈಪ್ ಮಾಡಲಾಗಲಿಲ್ಲ.

ಆಮೇಲೆ ನಗು ನಿಂತಿತು. ಅದು ಅಕ್ಕ ತಂಗಿಯರ ಕಥೆ. ತಾಯಿ ಸೊಂಟಕ್ಕೆ ಕಟ್ಟುತ್ತಿದ್ದ ಬೆಳ್ಳಿ ಡಾಬನ್ನು ಅಕ್ಕ ಇಟ್ಟುಕೊಂಡಳೆಂದು ತಂಗಿ ಮಾತು ಬಿಟ್ಟಿದ್ದಾಳೆ. ಈಗ ತಂಗಿಯ ಮಗಳ ಮದುವೆ. ಕರೆಯದಿದ್ದರೂ ಅಕ್ಕ ಕೈಚೀಲ ಹಿಡಿದು ತಂಗಿಯ ಊರು ಅಗಡಿಯಲ್ಲಿ ಬಸ್ಸಿಳಿಯುತ್ತಾಳೆ, ಅವಳ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಒಳಗೆ ಚಿಲಕದ ಸಪ್ಪಳ. ಕಥೆ ಅಲ್ಲಿಗೆ ಮುಗಿದಿತ್ತು.

ಮರುದಿನ ನಾನು ಬೀಗ ತೆಗೆಯುವ ಮುಂಚೆಯೇ ಕಾಕಾ ಕಟ್ಟೆಯ ಮೇಲೆ ಕೂತಿದ್ದರು. "ತಂಗೀ, ಆಕಿ ಬಾಗಿಲದಾಗ ನಿಂತಾಳ. ನಾ ಹೆಂಗ ನಾಷ್ಟಾ ಮಾಡ್ಲಿ? ಒಂದ ಸಾಲು ಸೇರಿಸು. ಒಳಗ ಕರಕೊಂಡ್ಳು ಅಂತ ಹಾಕಿಬಿಡು."

"ಮೊದಲ ಕಾಕಿಗೆ ಓದಿ ತೋರಿಸ್ರಿ. ಆಮ್ಯಾಲೆ ಹಾಕೂಣು."

"ಹಂಗಾರ ನೀನೂ ಬಾ" ಎಂದರು. ಒಬ್ಬರೇ ಓದಲು ಧೈರ್ಯವಿರಲಿಲ್ಲ ಪಾಪ.

ಐತವಾರ ಹೋದೆ. ಪಡಸಾಲೆಯಲ್ಲಿ ಕಾಕಿ ವರ್ಷದ ಖಾರಪುಡಿಗೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದರು. ಕಾಕಾ ಓದತೊಡಗಿದರು. ಅಕ್ಕ ಬಸ್ಸು ಹತ್ತುವಷ್ಟರಲ್ಲಿ ಕಾಕಿಯ ಕೈ ನಿಧಾನವಾಯಿತು. ಬಸ್ಸಿಳಿಯುವಷ್ಟರಲ್ಲಿ ನಿಂತೇಹೋಯಿತು. ಕಾಕಾ ಕೊನೆಯ ಸಾಲು ಓದಿ ಹಾಳೆ ಮಡಚಿದರು.

"ಮುಂದ?" ಎಂದರು ಕಾಕಿ.

"ಅಷ್ಟ. ಮುಗೀತು."

"ಮುಗೀತು ಅಂದ್ರ? ಚೀಲದಾಗ ಡಾಬು ಇತ್ತೋ ಇಲ್ಲೋ? ಬಾಗಿಲಾ ತಗದ್ಳೋ, ಚಿಲಕಾ ಹಾಕಿದ್ಳೋ? ಏನ್ ಮನಶ್ಯಾರದೀರಿ ನೀವು! ಊರ ಮಂದಿದೆಲ್ಲಾ ಬಗೀಹರಸ್ತೀರಿ, ಇದನ್ನ ಹಿಂಗ ಬಿಡ್ತಾರೇನು?"

ಕಾಕಾ ನನ್ನ ಕಡೆ ನೋಡಿದರು. ಆ ಮುಖ ಈಗಲೂ ಕಣ್ಣ ಮುಂದಿದೆ. ಭರ್ಜರಿ ಬೈಗುಳ ತಿನ್ನುತ್ತ ಅಷ್ಟು ಸಂತೋಷಪಟ್ಟ ಗಂಡಸನ್ನು ನಾನು ಬೇರೆಲ್ಲೂ ಕಂಡಿಲ್ಲ. ಆ ಹೊತ್ತು ಊಟ ತಡವಾಯಿತು, ಬೇಳೆ ತಳ ಹಿಡಿದಿತ್ತು. ಕಾಕಾ ಮಾತ್ರ ಎರಡೆರಡು ಸಲ ಹಾಕಿಸಿಕೊಂಡು ಉಂಡರು. ಒಂದು ಸಾಲು ಸೇರಿಸುವ ಮಾತನ್ನು ಮತ್ತೆ ಎತ್ತಲೇ ಇಲ್ಲ.

ಅಲ್ಲಿಂದ ಅವರ ಲೇಖನಿಗೆ ತಡೆಯೇ ಇರಲಿಲ್ಲ. ರಾಣೆಬೆನ್ನೂರಿನ ಪ್ರೆಸ್ಸಿನಲ್ಲಿ ಒಂದು ಪುಸ್ತಕವನ್ನೂ ಮಾಡಿಸಿದೆವು. ಪೇಟೆಯಲ್ಲಿ ಯಾರೂ ನಗಲಿಲ್ಲ. ಬದಲಿಗೆ ಹಮಾಲರೂ ದಲಾಲರೂ ಅವರನ್ನು ಅಡ್ಡಗಟ್ಟಿ ಡಾಬಿನ ವಿಷಯ ಕೇಳುತ್ತಿದ್ದರು. ಕಾಕಾ ಟವೆಲ್ಲು ಕೊಡವಿ, "ನನಗೇನ ಗೊತ್ತೋ ಮಾರಾಯಾ, ಆ ಅಕ್ಕನ್ನ ಕೇಳು" ಎಂದು ಮುಂದೆ ಹೋಗುತ್ತಿದ್ದರು. ನಾನು ಇವತ್ತು ನಾಲ್ಕು ಸಾಲು ಬರೆಯುತ್ತಿದ್ದರೆ ಅದು ಅವರಿಂದ ಹತ್ತಿದ ಚಟ. ಮುದಿವಯಸ್ಸಿನಲ್ಲಿ ಹೊಸದಾಗಿ ಕಲಿಯುವುದು ಎಷ್ಟು ಮಜವೆಂದು ನನಗೆ ತೋರಿಸಿದವರು ಅವರೇ.

ಒಂದು ಸುಗ್ಗಿಯಲ್ಲಿ, ಪೇಟೆ ಮೆಣಸಿನಕಾಯಿಯಿಂದ ಕೆಂಪಾಗಿದ್ದಾಗ, ಕಾಕಾ ಕುರ್ಚಿಯಲ್ಲಿ ಕೂತಲ್ಲೇ ತೀರಿಕೊಂಡರು. ಕಾಕಿಯನ್ನು ಮಾತಾಡಿಸಲು ಹೋದೆ. ಪಡಸಾಲೆಯ ತುಂಬ ಹೆಂಗಸರು ಅಳುತ್ತ ಕೂತಿದ್ದರು. ಕಾಕಿ ನನ್ನ ಕೈ ಹಿಡಿದು ಹತ್ತಿರ ಕೂರಿಸಿಕೊಂಡರು. ಕಿವಿಯ ಹತ್ತಿರ ಬಂದು ಕೇಳಿದರು.

"ಖರೇ ಹೇಳು ತಂಗೀ, ಆ ಅಕ್ಕ ಡಾಬು ತಂದಿದ್ಳೋ ಇಲ್ಲೋ? ನಿನಗರ ಹೇಳಿದ್ರೇನು?"

"ಇಲ್ರಿ ಕಾಕಿ. ನನಗೂ ಹೇಳಲಿಲ್ಲ."

ಅಷ್ಟು ಮಂದಿಯ ಅಳುವಿನ ನಡುವೆ ಕಾಕಿ ಸೆರಗು ಬಾಯಿಗೊತ್ತಿ ನಕ್ಕುಬಿಟ್ಟರು. "ಖರೇನ ಕಥಿಗಾರರಾಗಿಬಿಟ್ಟಿದ್ರು ನೋಡು" ಎಂದರು.